ಸ್ಯಾಂಪಲ್ ಅಂತ ಬರೆದ ಪೆಟ್ಟಿಗೆ

ಮಾರ್ಚ್ 4, ಮಂಗಳವಾರ

ಈ ಡೈರಿ ಫೋಮ್ ಕಂಪನಿಯೋರು ನಮ್ಮ ಅಂಗಡಿಗೆ ಕೊಟ್ಟಿದ್ದು. ಯಜಮಾನ್ರು ಯಾರಿಗೆ ಬೇಕು ಅಂತ ಕೇಳಿದ್ರು, ಯಾರೂ ಕೈ ಚಾಚಲಿಲ್ಲ, ನಾನು ತಗೊಂಡೆ. ಹತ್ತನೇ ಕ್ಲಾಸ್ ಮುಗಿದ ಮೇಲೆ ಉದ್ದಕ್ಕೆ ಏನೂ ಬರ್ದಿಲ್ಲ. ಅಕ್ಷರ ಎಲ್ಲ ಕೋಳಿ ಕೆದರಿದ ಹಾಗಿದೆ. ಆದ್ರೂ ಬರೀತಾ ಕೂತ್ರೆ ಉಗುರು ಕಚ್ಚೋದು ತಪ್ಪುತ್ತೆ.

ಇವತ್ತು ತಲೆ ಕೆಟ್ಟಿದೆ. ಮನೆ ಓನರ್ ಗೋಡೆಗೆಲ್ಲ ಬಣ್ಣ ಹೊಡೆಸ್ತಾರಂತೆ. ಇರೋದೇ ಒಂದೂವರೆ ರೂಮು, ಸಾಮಾನೆಲ್ಲ ಹೊರಗೆ ಓಣಿಯಲ್ಲಿಡ್ಬೇಕು. ಅಮ್ಮನಿಗೆ ಪಾತ್ರೆ, ಹಾಸಿಗೆ ಯೋಚನೆ. ನಂಗೆ ಮಂಚದ ಕೆಳಗಿರೋ ತಗಡಿನ ಪೆಟ್ಟಿಗೆ ಯೋಚನೆ.

ಅದರೊಳಗೆ ಇರೋದರ ಹೆಸರು ನಾನು ಇಲ್ಲೂ ಬರೆಯಲ್ಲ. ಯಾರಾದ್ರೂ ಓದಿಬಿಟ್ರೆ? ಸ್ಯಾಂಪಲ್ ಅಂತ ಬರೀತೀನಿ. ಕಾರಿನ ಸೀಟ್ ಕವರ್ ಹೊಲಿಯೋ ಅಂಗಡೀಲಿ ಕೆಲಸ ಮಾಡೋನ ಹತ್ರ ಬಟ್ಟೆ ಸ್ಯಾಂಪಲ್ ಇದ್ರೆ ಯಾರೂ ಏನೂ ಅನ್ನಲ್ಲ. ಅಮ್ಮನಿಗೂ ಹಾಗೇ ಹೇಳಿದೀನಿ. ನಂಗೆ ಮಾತ್ರ ಗೊತ್ತಾದ್ರೆ ಸಾಕು: ಉದ್ದ ಕಾಲು, ಹಿಡೀಲಿ ಸಿಗೋ ನಡು, ಬಣ್ಣದಲ್ಲಿ ಬರೆದ ಕಣ್ಣು, ಹೈ ಹೀಲ್ಸ್ ಹಾಕ್ಲಿ ಅಂತ ಯಾವಾಗ್ಲೂ ತುದಿಗಾಲಲ್ಲೇ ಇರೋ ಪಾದ. ಸಣ್ಣ ಹೆಣ್ಮಕ್ಕಳು ಡ್ರೆಸ್ ಬದಲಾಯಿಸಿ ಆಡ್ತಾರಲ್ಲ, ಅದು.

ಮೊದಲನೇದು ಸಿಕ್ಕಿದ್ದು ಒಂದು ಹಳೇ ಕಾರಿನ ಹಿಂದಿನ ಸೀಟ್ ಬಿಚ್ಚಿದಾಗ. ಸೀಟ್ ಅಡಿಯಲ್ಲಿ ಬಾಚಣಿಗೆ, ಪೆನ್ನು, ಚಾಕಲೇಟ್ ಕಾಗದ ಸಿಗೋದು ಮಾಮೂಲು. ಇದು ಸಿಕ್ತು. ಬಲಗೈ ಇರಲಿಲ್ಲ. ಕೂದಲು ತೆಂಗಿನ ನಾರು. ಗಾಡಿಯೋರಿಗೆ ಕೊಡೋಕೆ ಹೋದ್ರೆ ಬಿಸಾಕಿ ಅಂದ್ರು. ಮನೆಗೆ ತಂದೆ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಶಾಂಪೂ ಹಾಕಿ, ಬಿಸಿನೀರಲ್ಲಿ ಅದ್ದಿ, ಕೆಳಗಿಂದ ಮೇಲಕ್ಕೆ ಒಂದೊಂದೇ ಸಿಕ್ಕು ಬಿಡಿಸಿದೆ. ಒಣಗಿದ ಮೇಲೆ ಕೂದಲು ಸರ್ರಂತ ಬೆನ್ನ ಮೇಲೆ ಇಳೀತು. ನಾನು ಎಲ್ಲೂ ಒಂದು ಕಡೆ ಕೂರೋನಲ್ಲ, ಅಂಗಡೀಲಿ ನಂಗೆ ಬುಗುರಿ ಅಂತಾನೇ ಕರೆಯೋದು. ಅವತ್ತು ಕೂತಲ್ಲಿಂದ ಎದ್ದಿರಲಿಲ್ಲ.

ಆಮೇಲೆ ಗುಜರಿ ಅಂಗಡೀಲಿ ಸಿಕ್ಕಿದ್ದು, ಫುಟ್‌ಪಾತ್ ಮೇಲೆ ಸಿಕ್ಕಿದ್ದು. ಹೊಸದೂ ಇದೆ. ತಂಗಿಗೆ ಅಂತ ಹೇಳಿ ತಗೊಂಡಿದ್ದು. ಎಷ್ಟು ವರ್ಷದೋಳು ಅಂದ್ರು, ಎಂಟು ಅಂದೆ. ಮುಂದಿನ ವರ್ಷ ಹೋದಾಗ್ಲೂ ಎಂಟು ಅಂದೆ. ನಿಮ್ಮ ತಂಗಿ ಬೆಳೆಯೋದೇ ಇಲ್ವಾ ಅಂತ ಕೇಳಿದ ಅಂಗಡಿಯೋನು. ಅದಾದ್ಮೇಲೆ ಆ ರೋಡಲ್ಲಿ ಹೋಗೋದೇ ಬಿಟ್ಟೆ.

ಪೆಟ್ಟಿಗೇನ ಓಣೀಲಿ ಇಡೋಕಾಗಲ್ಲ. ಪಕ್ಕದ ಮನೆಯೋರು ಮುಚ್ಚಳ ಇದ್ದಿದ್ದನ್ನೆಲ್ಲ ತೆಗೆದು ನೋಡೋ ಜಾತಿ.

ಮಾರ್ಚ್ 6, ಗುರುವಾರ

ಅಂಗಡಿ ಅಟ್ಟದ ಮೇಲೆ ಇಟ್ಟೆ. ಹಗ್ಗ ಕಟ್ಟಿ, ಅದರ ಮೇಲೆ ಟೇಪು ಸುತ್ತಿ, ಮುಚ್ಚಳದ ಮೇಲೆ ಮಾರ್ಕರಲ್ಲಿ ದೊಡ್ಡದಾಗಿ ಸ್ಯಾಂಪಲ್ ಅಂತ ಬರ್ದೆ. ಫೋಮ್ ಶೀಟಿನ ಹಿಂದೆ ತಳ್ಳಿದೆ.

ಕತ್ತರಿ ಮಾಮ ನೋಡೇಬಿಟ್ಟ. ಅವನು ನಮ್ಮಲ್ಲಿ ರೆಕ್ಸಿನ್ ಕಟಿಂಗ್ ಮಾಡೋನು. ಎಲ್ಲರಿಗಿಂತ ದೊಡ್ಡೋನು, ಬುದ್ಧಿ ಮಾತ್ರ ಎಲ್ಲರಿಗಿಂತ ಚಿಕ್ಕದು. ಒಂದ್ಸಲ ನಾನು ಊಟ ಮಾಡಿ ಒರಗಿದ್ದಾಗ ನನ್ನ ಅಂಗಿ ತೋಳನ್ನ ಸೀಟ್ ಕವರಿಗೆ ಸೇರಿಸಿ ಹೊಲಿದಿದ್ದ. ಏನೋ ಬುಗುರಿ, ಗಂಟು ಮೂಟೆ ಸಮೇತ ಬಂದ್ಯಾ, ಅಮ್ಮ ಓಡಿಸಿದ್ಲಾ ಅಂದ. ಸ್ಯಾಂಪಲ್ ಅಂದೆ. ಕಟ್ಟಿರೋದು ನೋಡಿದ್ರೆ ಒಳಗೆ ಹಾವಿದೆ ಅನ್ಸುತ್ತೆ ಅಂದ. ಮಿಷನ್ ಅಕ್ಕ ನಕ್ಕಳು. ಅವಳು ಹೊಲಿಗೆ ಮಿಷನ್ ಬಿಟ್ಟು ತಲೆ ಎತ್ತೋದೇ ಅಪರೂಪ.

ನಾಲ್ಕು ದಿನ ತಡ್ಕೊಂಡ್ರೆ ಆಯ್ತು. ಬಣ್ಣ ಒಣಗುತ್ತೆ, ವಾಪಸ್ ತಗೊಂಡು ಹೋಗ್ತೀನಿ.

ಮಾರ್ಚ್ 7, ಶುಕ್ರವಾರ

ಪೆಟ್ಟಿಗೆ ಇಲ್ಲ.

ಬೆಳಿಗ್ಗೆ ನನ್ನನ್ನ ಒಂದು ಫಿಟ್ಟಿಂಗಿಗೆ ಹೊರಗೆ ಕಳಿಸಿದ್ರು. ವಾಪಸ್ ಬಂದು ಅಟ್ಟದ ಕಡೆ ನೋಡಿದ್ರೆ ಫೋಮ್ ಶೀಟ್ ಪಕ್ಕಕ್ಕೆ ಸರಿದಿದೆ. ಯಜಮಾನ್ರನ್ನ ಕೇಳಿದೆ. ಅವರು ಖುಷೀಲಿದ್ರು. ಬಸ್ ಕಂಪನಿಯೊಂದು ತನ್ನ ಬಸ್ಸಿಗೆಲ್ಲ ಹೊಸ ಸೀಟ್ ಕವರ್ ಮಾಡಿಸುತ್ತಂತೆ. ಸ್ಯಾಂಪಲ್ ತಗೊಂಡು ಹೋಗೋಕೆ ಅವರ ಡ್ರೈವರ್ ಬಾಗಿಲಲ್ಲೇ ನಿಂತಿದ್ದ. ನಮ್ಮ ಸ್ಯಾಂಪಲ್ ಪುಸ್ತಕ ಹಳೇದು, ಎಣ್ಣೆ ಕಲೆ ಬೇರೆ. ಮೇಲೆ ನೋಡಿದ್ರೆ ನಿನ್ನ ಪೆಟ್ಟಿಗೆ, ಎಷ್ಟು ಜೋಪಾನವಾಗಿ ಕಟ್ಟಿದ್ದೀಯ, ಬಿಚ್ಚೋಕೂ ಮನಸ್ಸು ಬರ್ಲಿಲ್ಲ, ಹಾಗೇ ಕಳಿಸ್ದೆ ಅಂದ್ರು. ಬೆನ್ನು ತಟ್ಟಿದ್ರು. ಈ ಅಂಗಡಿಗೆ ಸೇರಿದ ಮೇಲೆ ಅವರು ನನ್ನ ಹೊಗಳಿದ್ದು ಇದೇ ಮೊದಲು.

ಅದು ಬೇರೆ ಸ್ಯಾಂಪಲ್ ಅನ್ನಬಹುದಿತ್ತು. ಬೇರೆ ಅಂದ್ರೆ ಯಾವುದು ಅಂತ ಕೇಳ್ತಾರೆ.

ಆಫೀಸಿನ ಮ್ಯಾನೇಜರ್ ಊರಲ್ಲಿಲ್ವಂತೆ, ಸೋಮವಾರ ಬಂದು ನೋಡ್ತಾರಂತೆ. ಅಷ್ಟರೊಳಗೆ ಹೇಗಾದ್ರೂ ತರ್ಬೇಕು.

ಮಾರ್ಚ್ 8, ಶನಿವಾರ

ಹೊಟ್ಟೆನೋವು ಅಂತ ಸುಳ್ಳು ಹೇಳಿ ಬಸ್ ಕಂಪನಿಗೆ ಹೋಗಿದ್ದೆ. ದೊಡ್ಡ ಕಬ್ಬಿಣದ ಗೇಟು, ಪಕ್ಕದಲ್ಲಿ ಗೂಡಿನ ಥರ ಒಂದು ರೂಮು, ಅದರೊಳಗೆ ವಾಚ್‌ಮನ್. ವಯಸ್ಸಾಗಿದೆ. ಮೀಸೆ ನೋಡಿದ್ರೆನೇ ಅರ್ಧ ಜನ ವಾಪಸ್ ಹೋಗ್ತಾರೆ. ಒಳಗೆ ಹೋಗೋರಿಗೆ ಕೊಡೋ ಟೋಕನ್ನುಗಳಿಗೆ ನೀಲಿ ನೈಲಾನ್ ದಾರ ಕಟ್ಟುತ್ತಾ ಕೂತಿದ್ದ. ದಪ್ಪ ಬೆರಳು, ಆದ್ರೆ ಗಂಟು ಹಾಕೋದು ನೋಡ್ಬೇಕು, ಸಾಸಿವೆಯಷ್ಟು.

ಪೆಟ್ಟಿಗೆ ತಪ್ಪಾಗಿ ಬಂದಿದೆ, ಕೊಟ್ಬಿಡಿ ಅಂದೆ.

ಸಾಹೇಬ್ರ ರೂಮಲ್ಲಿದೆ, ಬೀಗ ಹಾಕಿದೆ, ಬೀಗದ ಕೈ ಅವರ ಜೇಬಲ್ಲಿದೆ, ಅವರು ಎಲ್ಲಿದ್ದಾರೋ ನಂಗೊತ್ತಿಲ್ಲ ಅಂದ. ಒಂದೇ ಉಸಿರಲ್ಲಿ.

ಒಳಗೇನಿದೆ ಅಂತ ಕೇಳಿದ. ಸ್ಯಾಂಪಲ್ ಅಂದೆ. ಸ್ಯಾಂಪಲ್ಲಿಗೆ ಯಾಕಪ್ಪ ಮುಖ ಹೀಗೆ ಬೆವರ್ತಾ ಇದೆ ಅಂದ. ಬಿಸಿಲು ಅಂದೆ. ನೆರಳಲ್ಲೇ ನಿಂತಿದ್ದೆ.

ಸಂಜೆ ಮತ್ತೆ ಹೋದೆ. ಅವನು ತಲೆ ಅಲ್ಲಾಡಿಸಿದ, ನಾನು ವಾಪಸ್ ಬಂದೆ.

ಮಾರ್ಚ್ 9, ಭಾನುವಾರ

ಮನೆ ತುಂಬ ಬಣ್ಣದ ವಾಸನೆ. ಊಟ ಇಳೀತಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿದ್ಲು. ನಿನ್ನ ಪೆಟ್ಟಿಗೆ ಎಲ್ಲೋ ಅಂದ್ಲು. ಅಂಗಡೀಲಿ ಅಂದೆ.

ನಾಳೆ ಆ ಮ್ಯಾನೇಜರ್ ಹಗ್ಗ ಕತ್ತರಿಸ್ತಾನೆ. ಮುಚ್ಚಳ ಎತ್ತುತ್ತಾನೆ. ಮೇಲ್ಗಡೇನೇ ಒಂಟಿಗೈ ಮಲಗಿದಾಳೆ, ಕೆಂಪು ರೆಕ್ಸಿನ್ ಕೋಟಿನಲ್ಲಿ. ಅದಕ್ಕೆ ಕಾಲರ್ ಕೂರಿಸೋಕೆ ವಾರಗಟ್ಲೆ ಒದ್ದಾಡಿದ್ದೆ. ಅವಳ ಪಕ್ಕ ಡಾಕ್ಟರಮ್ಮ, ಬಿಳೀ ಸೀಟಿನ ಚೂರಲ್ಲಿ ಮಾಡಿದ ಕೋಟು. ಕೆಳಗೆ ಉಳಿದೋರು. ಒಬ್ಬೊಬ್ಬರನ್ನೂ ಫೋಮಲ್ಲಿ ಸುತ್ತಿದೀನಿ. ಕಡಲೆಬೀಜದಷ್ಟು ಶೂಗಳು ಒಂದು ಸಣ್ಣ ಡಬ್ಬೀಲಿ. ಅವನು ನಗ್ತಾನೆ. ಎಲ್ಲರನ್ನೂ ಕರೆದು ತೋರಿಸ್ತಾನೆ. ಡಬ್ಬಿ ಬೀಳಿಸ್ತಾನೆ, ಶೂ ಎಲ್ಲ ಚೆಲ್ಲಾಪಿಲ್ಲಿ ಆಗುತ್ತೆ.

ಟೈರ್ ಅಂಗಡಿ, ಜ್ಯೂಸ್ ಅಂಗಡಿ, ಪ್ರೆಸ್ಸು, ಎಲ್ಲ ಕಡೇನೂ ಕಿರಿಕಿರಿ ಶುರುವಾದ ತಕ್ಷಣ ಎದ್ದು ಬಂದೋನು ನಾನು. ಇಲ್ಲಿಂದಲೂ ಹೋಗಿಬಿಟ್ರೆ ಯಾರು ಏನು ಮಾಡ್ತಾರೆ? ಟೈರ್ ಅಂಗಡಿಯೋನು ಇನ್ನೂ ಕರೀತಾನೇ ಇದ್ದಾನೆ.

ಮಾರ್ಚ್ 10, ಸೋಮವಾರ

ಮಧ್ಯಾಹ್ನ ಫೋನ್ ಬಂತು. ಯಜಮಾನ್ರು ಮೊದಲು ಹೇಳಿ ಸಾರ್ ಹೇಳಿ ಸಾರ್ ಅಂತಿದ್ರು. ಆಮೇಲೆ ಕುರ್ಚಿ ಹಿಡ್ಕೊಂಡ್ರು. ಆ ಕಡೆಯಿಂದ ಮ್ಯಾನೇಜರ್ ಕೂಗೋದು ನಂಗೂ ಕೇಳಿಸ್ತಿತ್ತು. ಸ್ಯಾಂಪಲ್‌ಗಳ ನಿಜವಾದ ಹೆಸರೇ ಹೇಳ್ತಿದ್ದ. ನಮ್ಮನ್ನೇನು ಮಕ್ಕಳು ಅಂದ್ಕೊಂಡಿದೀರಾ, ಇದು ಆಡೋ ವಯಸ್ಸಾ ಅಂತ.

ಫೋನ್ ಇಟ್ಟವರೇ ಸೀದಾ ಕತ್ತರಿ ಮಾಮನ ಮೇಜಿಗೆ ಹೋದ್ರು. ಈ ಅಂಗಡೀಲಿ ಇಂಥ ಕೆಲಸ ಮಾಡೋನು ನೀನೊಬ್ಬನೇ, ಹುಡುಗ ಕಟ್ಟಿಟ್ಟಿದ್ದ ಪೆಟ್ಟಿಗೆ ಬಿಚ್ಚಿ ಒಳಗಿದ್ದಿದ್ದನ್ನ ಬದಲಾಯಿಸಿದ್ಯಾ ಅಂದ್ರು.

ಕತ್ತರಿ ಮಾಮನಿಗೆ ಏನು ಅಂತ ಅರ್ಥ ಆಗ್ಲಿಲ್ಲ. ಏನು ಹೋಗಿತ್ತು ಅಂತ ಕೇಳಿದ. ಯಜಮಾನ್ರು ಹೇಳಿದ್ರು. ಅವನು ನಗೋಕೆ ಶುರು ಮಾಡಿದ. ನಾನಲ್ಲ ಅಂತಾನೆ, ಮತ್ತೆ ನಗ್ತಾನೆ, ಹೊಟ್ಟೆ ಹಿಡ್ಕೊಂಡು ನಾನಲ್ಲ ಅಂತಾನೆ. ನಗ್ತಾ ಹೇಳಿದ್ರೆ ಯಾರು ನಂಬ್ತಾರೆ?

ಯಜಮಾನ್ರು ಕೂಗಾಡ್ಲಿಲ್ಲ. ಕತ್ತರಿ ಕೆಳಗಿಡು ಅಂದ್ರು. ನಾಳೆಯಿಂದ ಬರ್ಬೇಡ ಅಂದ್ರು. ಆಗ ಅವನ ನಗು ನಿಂತೋಯ್ತು. ನನ್ನ ಕಡೆ ಒಂದ್ಸಲ ನೋಡಿದ. ನಾನು ಸೀಟಿನ ಕ್ಲಿಪ್ ಬಿಚ್ಚುತ್ತಿದ್ದೆ. ಬಿಚ್ಚಿದ್ದನ್ನೇ ಮತ್ತೆ ಹಾಕಿ ಮತ್ತೆ ಬಿಚ್ಚಿದೆ.

ಮಾರ್ಚ್ 11, ಮಂಗಳವಾರ

ಹೇಳಲಿಲ್ಲ.

ಟೈರ್ ಅಂಗಡಿಗೆ ಫೋನ್ ಮಾಡಿದೆ. ಗುರುವಾರದಿಂದ ಬಾ ಅಂದ.

ಮಾರ್ಚ್ 12, ಬುಧವಾರ

ಇವತ್ತು ಎಲ್ಲ ಬರೀಬೇಕು.

ಬೆಳಿಗ್ಗೆ ಹೋಗಿದ್ದೇ ಕೆಲಸ ಬಿಡ್ತೀನಿ ಅಂತ ಹೇಳೋಕೆ. ಯಜಮಾನ್ರು ತಾವೇ ರೆಕ್ಸಿನ್ ಕತ್ತರಿಸ್ತಾ ಇದ್ರು. ಕತ್ತರಿ ಮಾಮನ ಕತ್ತರಿ ಅವರ ಮಾತು ಕೇಳ್ತಿರಲಿಲ್ಲ, ಅಂಚೆಲ್ಲ ಇಲಿ ಕಡಿದ ಹಾಗೆ. ಮಿಷನ್ ಅಕ್ಕ ಆ ಸೊಟ್ಟ ಅಂಚನ್ನೇ ಎಳೆದೆಳೆದು ಹೊಲೀತಿದ್ಲು. ನಾನು ಪಕ್ಕದಲ್ಲಿ ನಿಂತೆ. ಅವಳು ತಲೆ ಎತ್ತದೇ, ತನಗೆ ತಾನೇ ಹೇಳ್ಕೊಳ್ಳೋ ಥರ ಹೇಳಿದ್ಲು:

“ಅವನು ಎಷ್ಟು ಚೇಷ್ಟೆ ಮಾಡಿದ್ರೂ ಕೇಳಿದ ತಕ್ಷಣ ನಾನೇ ಅಂತ ಕೈ ಎತ್ತುತ್ತಿದ್ದ ಕಣೋ. ಅದರಲ್ಲೇ ಅವನಿಗೆ ಮಜಾ. ಈ ಸಲ ನಾನಲ್ಲ ಅಂದ.”

ಇಷ್ಟೇ ಹೇಳಿದ್ದು. ಮಿಷನ್ ಮತ್ತೆ ಓಡ್ತು.

ನಾನು ಯಜಮಾನ್ರ ಮುಂದೆ ಹೋಗಿ ನಿಂತೆ.

“ಆ ಗೊಂಬೆ ನಂದು” ಅಂದೆ.

ಅವರು ಕನ್ನಡಕ ಮೇಲಕ್ಕೆ ತಳ್ಳಿ ನೋಡಿದ್ರು. “ನಿನ್ನ ತಂಗೀದಾ?”

“ನಂಗೆ ತಂಗಿ ಇಲ್ಲ. ನಂದೇ.”

ಮಿಷನ್ ನಿಂತೋಯ್ತು. ಯಜಮಾನ್ರು ಕತ್ತರಿ ಕೆಳಗಿಟ್ರು. ಕಾಲು ಓಡು ಓಡು ಅಂತಿತ್ತು, ಮೇಜಿನ ಅಂಚು ಹಿಡ್ಕೊಂಡಿದ್ದೆ. ಬೈತಾರೆ, ಇಲ್ಲ ನಗ್ತಾರೆ ಅಂದ್ಕೊಂಡೆ. ಅವರು ಕೇಳಿದ್ದು ಬೇರೆ.

“ಗೊಂಬೆ ಇಟ್ಟು ಸ್ಯಾಂಪಲ್ ಅಂತ ಯಾಕೆ ಬರ್ದೆ? ಗೊಂಬೆ ಅಂತ ಬರ್ದಿದ್ರೆ ನಾನು ಕಳಿಸ್ತಿದ್ನಾ?”

ಅವರಿಗೆ ಸಿಟ್ಟಿದ್ದಿದ್ದು ಅದೊಂದಕ್ಕೇ. ಹತ್ತು ಸಲ ಅದನ್ನೇ ಹೇಳಿದ್ರು. ಮೇಲೆ ಫೋಮ್ ಅಂತ ಬರ್ದು ಒಳಗೆ ಹುಲ್ಲು ತುಂಬಿದ್ರೆ ನಮ್ಮ ಅಂಗಡಿ ಉಳಿಯುತ್ತಾ ಅಂತ. ಆಮೇಲೆ ಹೋಗು, ಅವನ ಮನೆಗೆ ಹೋಗಿ ನೀನೇ ಕರ್ಕೊಂಡು ಬಾ, ನನ್ನ ಮುಖ ಅವನಿಗೆ ತೋರಿಸೋಕೆ ನಂಗಾಗಲ್ಲ ಅಂದ್ರು. ನಾಳೆ ಸರಿಯಾದ ಸ್ಯಾಂಪಲ್ ಪುಸ್ತಕ ತಗೊಂಡು ಬಸ್ ಕಂಪನಿಗೂ ನೀನೇ ಹೋಗ್ಬೇಕು ಅಂದ್ರು.

ಕತ್ತರಿ ಮಾಮ ಮನೆ ಮೆಟ್ಟಿಲ ಮೇಲೆ ಕೂತು ಛತ್ರಿ ರಿಪೇರಿ ಮಾಡ್ತಿದ್ದ. ಹೇಳ್ದೆ. ಪೂರ್ತಿ ಕೇಳಿದ. ಛತ್ರಿ ಪಕ್ಕಕ್ಕಿಟ್ಟ.

“ಎರಡು ದಿನದಿಂದ ನಿದ್ದೆ ಇಲ್ಲ ಕಣೋ ನಂಗೆ. ಇಷ್ಟು ಒಳ್ಳೆ ತಮಾಷೆ ಇನ್ಯಾರಿಗೆ ಹೊಳೀತಪ್ಪಾ ಅಂತ ಹೊಟ್ಟೆ ಉರೀತಿತ್ತು. ಕೊನೆಗೆ ನೋಡಿದ್ರೆ ತಮಾಷೇನೇ ಅಲ್ಲ.”

ಅವನು ನಕ್ಕ, ನಾನೂ ನಕ್ಕೆ. ಅವನು ನಗು ನಿಲ್ಲಿಸಿದ.

“ಸೋಮವಾರ ನೀನು ಅಲ್ಲೇ ಇದ್ದೆ” ಅಂದ.

ಹೂಂ ಅಂದೆ.

ಅವನು ಅಂಗಿ ಹಾಕ್ಕೊಂಡು ಬಂದ. ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೇನೇ ನಡೆದ. ಅಂಗಡಿ ಹತ್ರ ಬಂದಾಗ ನಿಂತು, ಅದಕ್ಕೆ ಮದುವೆ ಆಗಿದ್ಯೋ ಇಲ್ವೋ ಅಂತ ಕೇಳಿದ. ಯಾವುದಕ್ಕೆ ಅಂದೆ. ಕೆಂಪು ಕೋಟಿನವಳಿಗೆ ಅಂದ. ಯಜಮಾನ್ರು ಎಲ್ಲ ವಿವರವಾಗಿ ಬೈದಿದ್ರಲ್ಲ ಅವನಿಗೆ.

ಮಾರ್ಚ್ 13, ಗುರುವಾರ

ಬಸ್ ಕಂಪನಿಗೆ ಹೋಗೋ ದಾರೀಲಿ ಎರಡು ಸಲ ವಾಪಸ್ ತಿರುಗಿದೆ.

ಮ್ಯಾನೇಜರ್ ಫೋನಲ್ಲಿ ಅಷ್ಟು ಕೂಗಿದ್ರೂ ಎದುರಿಗೆ ಸಣ್ಣ ದನಿಯೋನು. ಈ ಸಲ ಪುಸ್ತಕ ತಂದ್ಯಾ, ಇಲ್ಲ ಮತ್ತೆ ಸಂಸಾರಾನೇ ಹೊತ್ಕೊಂಡು ಬಂದ್ಯಾ ಅಂದ. ಗುಮಾಸ್ತರೆಲ್ಲ ನಕ್ಕರು. ಓಡದೇ ಅಲ್ಲೇ ನಿಂತೆ. ಅವು ನನ್ನ ಗೊಂಬೆ ಸಾರ್, ಚೇಷ್ಟೆ ಮಾಡೋಕೆ ಕಳಿಸಿದ್ದಲ್ಲ, ತಪ್ಪಾಯ್ತು ಅಂದೆ. ಅವನು ನನ್ನ ಮುಖ ನೋಡಿದ, ಪುಸ್ತಕ ನೋಡಿದ. ಇರೋದ್ರಲ್ಲಿ ಸಪ್ಪೆ ಬೂದು ಬಣ್ಣ ಆರಿಸಿ, ಮೊದಲು ಒಂದು ಬಸ್ಸಿಗೆ ಮಾಡಿ, ನೋಡಣ ಅಂದ. ಅಷ್ಟೇ. ಪೆಟ್ಟಿಗೇನ ಸೋಮವಾರವೇ ಗೇಟಿನ ರೂಮಿಗೆ ಹಾಕಿಸಿದೀನಿ, ತಗೊಂಡು ಹೋಗು ಅಂದ.

ಗೇಟಲ್ಲಿ ಆ ವಾಚ್‌ಮನ್ ಇರಲಿಲ್ಲ, ಊಟಕ್ಕೆ ಹೋಗಿದ್ದನಂತೆ. ಬೇರೆ ಯಾರೋ ಕೊಟ್ರು. ಹಗ್ಗ ನೀಟಾಗಿ ಕಟ್ಟಿತ್ತು.

ಟೈರ್ ಅಂಗಡಿಯೋನು ಫೋನ್ ಮಾಡಿದ್ದ. ಎತ್ತೋಕೆ ಮರೆತೆ.

ಮಾರ್ಚ್ 16, ಭಾನುವಾರ

ಇವತ್ತು ಪೆಟ್ಟಿಗೆ ತೆಗೆದೆ. ಅಲ್ಲೀವರೆಗೂ ಧೈರ್ಯ ಬಂದಿರಲಿಲ್ಲ. ಏನೇನು ಮುರಿದಿದ್ಯೋ ಅಂತ.

ಒಂದೂ ಮುರಿದಿಲ್ಲ. ಶೂ ಡಬ್ಬಿ ಹಾಗೇ ಇದೆ. ಎಲ್ಲರನ್ನೂ ಮತ್ತೆ ಫೋಮಲ್ಲಿ ಸುತ್ತಿದಾರೆ, ನಾನು ಸುತ್ತಿದ್ದಕ್ಕಿಂತ ಚೆನ್ನಾಗಿ. ಒಂಟಿಗೈಯನ್ನ ಬಿಚ್ಚಿ ನೋಡ್ದೆ. ಕೂದಲು ಬಿಟ್ಟಿದ್ದೆ ನಾನು. ಈಗ ಜಡೆ ಹಾಕಿದೆ. ಬಿಗಿಯಾಗಿ, ಒಂದು ಎಳೆ ಆಚೀಚೆ ಇಲ್ಲ, ತುದೀಲಿ ನೀಲಿ ದಾರ, ಸಾಸಿವೆಯಷ್ಟು ಗಂಟು. ಕೋಟಿನ ಬಲತೋಳು ಖಾಲಿ ಜೋಲಾಡ್ತಿತ್ತಲ್ಲ, ಅದನ್ನ ಒಳಕ್ಕೆ ಮಡಚಿ ಎರಡು ಹೊಲಿಗೆ ಹಾಕಿದಾರೆ. ಈಗ ಕೈ ಇಲ್ಲ ಅಂತ ಅನ್ಸೋದೇ ಇಲ್ಲ, ಜೇಬಲ್ಲಿ ಕೈ ಇಟ್ಕೊಂಡು ಯಾರಿಗೋ ಕಾಯ್ತಾ ನಿಂತ ಹಾಗಿದೆ.

ಇದು ನಂಗೆ ಯಾಕೆ ಹೊಳೀಲಿಲ್ಲ?

ಕೂತು ನೋಡ್ತಾನೇ ಇದ್ದೆ. ಅಮ್ಮ ಯಾವಾಗ ಬಂದು ಹಿಂದೆ ನಿಂತ್ಲೋ ಗೊತ್ತಾಗ್ಲಿಲ್ಲ. ಮುಚ್ಚಿಡೋಣ ಅಂತ ಕೈ ಹೋಯ್ತು, ಅಷ್ಟರಲ್ಲಿ ಅವಳು ಡಾಕ್ಟರಮ್ಮನ್ನ ಎತ್ಕೊಂಡಾಗಿತ್ತು. ತಿರುಗಿಸಿ ಮುರುಗಿಸಿ ನೋಡಿದ್ಲು. ಸ್ಯಾಂಪಲ್ಲಾ ಅಂದ್ಲು. ಅಲ್ಲಮ್ಮ, ಗೊಂಬೆ ಅಂದೆ. ಕಾಣ್ಸುತ್ತೆ ಕಣ್ಣು ನಂಗೆ ಅಂದ್ಲು. ಇವಳಿಗೆ ಚಳಿಯಾಗಲ್ವೇನೋ, ಕೋಟಿನೊಳಗೆ ಏನೂ ಹಾಕಿಲ್ವಲ್ಲ ಅಂತ ಬೈದು ಒಳಗೆ ಹೋದ್ಲು.

ಮಾರ್ಚ್ 21, ಶುಕ್ರವಾರ

ಕತ್ತರಿ ಮಾಮನ ಕಾಟ ತಡಿಯೋಕಾಗ್ತಿಲ್ಲ. ಬೆಳಿಗ್ಗೆ ಬಂದ ತಕ್ಷಣ ಮನೇಲಿ ಹೆಂಗಸರೆಲ್ಲ ಚೆನ್ನಾಗಿದಾರಾ ಅಂತಾನೆ. ಊಟಕ್ಕೆ ಕೂತ್ರೆ ಅವರದಾಯ್ತಾ ಅಂತಾನೆ. ಮೊದಲ ಎರಡು ದಿನ ಮಣ್ಣೊಳಗೆ ಹೋಗ್ಲಾ ಅನ್ಸಿತ್ತು. ಇವತ್ತು ನಾನೇ, ನಿನ್ನನ್ನೂ ಕೇಳಿದ್ರು ಮಾಮ, ಆದ್ರೆ ವಯಸ್ಸು ಜಾಸ್ತಿ ಅಂತಾರೆ ಅಂದೆ. ಮಿಷನ್ ಅಕ್ಕ ನಕ್ಕು ನಕ್ಕು ಸೂಜಿ ಮುರ್ಕೊಂಡ್ಲು. ಅವನು ಸಂಜೆ ಹೋಗೋವಾಗ ನನ್ನ ಮೇಜಿನ ಮೇಲೆ ಏನೋ ಎಸೆದು ಹೋದ. ಹಸಿರು ವೆಲ್ವೆಟ್ ಚೂರು. ಗೊಂಬೆ ಅಳತೆಗೆ ಸರಿಯಾಗಿ ಕತ್ತರಿಸಿದ್ದ.

ಮಿಷನ್ ಅಕ್ಕ ಕೇಳಿದ್ಲು, ಆ ಕಣ್ಣು ಅಂಟಿಸಿರೋದಾ, ಬರೆದಿರೋದಾ ಅಂತ. ಬರೆದಿರೋದು ಅಂದೆ. ಆಮೇಲೆ ಕೂದಲು ತಲೇಲಿ ಹೇಗೆ ಸಾಲಾಗಿ ನೆಟ್ಟಿರ್ತಾರೆ, ಯಾವುದಕ್ಕೆ ಮಂಡಿ ಮಡಚುತ್ತೆ, ಮಡಚುವಾಗ ಒಳಗೆ ಟಿಕ್ ಟಿಕ್ ಅನ್ನೋದು ಹೇಗೆ, ಎಲ್ಲ ಹೇಳ್ದೆ. ಟೀ ಆರಿಹೋಯ್ತು. ಇಷ್ಟು ಮಾತಾಡ್ತೀಯಾ ನೀನು ಅಂದ್ಲು. ನಾಳೆ ತಗೊಂಡು ಬಾರೋ, ನೋಡಣ ಅಂದ್ಲು.

ನೋಡಣ ಅಂದೆ. ಹೆದರಿಕೆ ಇನ್ನೂ ಇದೆ. ಅಂಗಡಿಗೆ ಗಿರಾಕಿಗಳು ಬರ್ತಾರೆ, ಹುಡುಗರು ಬರ್ತಾರೆ. ಎಲ್ಲರೂ ಮಿಷನ್ ಅಕ್ಕ ಅಲ್ಲ.

ಮಾರ್ಚ್ 25, ಮಂಗಳವಾರ

ಬೂದು ಕವರ್ ರೆಡಿಯಾಯ್ತು. ಫಿಟ್ಟಿಂಗಿಗೆ ಕತ್ತರಿ ಮಾಮನೂ ನಾನೂ ಹೋದ್ವಿ. ನನ್ನ ಚೀಲದಲ್ಲಿ ಡಾಕ್ಟರಮ್ಮ ಇದ್ಲು. ಬೆಳಿಗ್ಗೆ ಮಿಷನ್ ಅಕ್ಕನಿಗೆ ತೋರಿಸೋಕೆ ತಂದಿದ್ದೆ, ಹಸಿರು ವೆಲ್ವೆಟ್ ಒಳ ಅಂಗಿ ಹಾಕಿಸಿ. ತೆಗೆದಿಡೋದು ಮರೆತುಹೋಗಿತ್ತು. ಗೇಟು ಕಾಣಿಸಿದ ಮೇಲೆ ನೆನಪಾಯ್ತು.

ಆ ವಾಚ್‌ಮನ್ನೇ ಇದ್ದ. ಅದೇ ಮೀಸೆ. ಚೀಲ ಬಿಚ್ಚು ಅಂದ. ಇಕ್ಕಳ, ಕ್ಲಿಪ್ಪು, ಸುತ್ತಿಗೆ ಒಂದೊಂದಾಗಿ ಹೊರಗಿಟ್ಟೆ. ಕೊನೆಗೆ ಫೋಮಿನ ಸುರುಳಿ ಉಳೀತು.

ಇದೇನು ಅಂದ.

ಹಿಂದೆ ಸಾಮಾನು ತಂದ ಲಾರಿ ಡ್ರೈವರ್‌ಗಳು ಸಾಲಾಗಿ ನಿಂತಿದ್ರು. ಕತ್ತರಿ ಮಾಮ ಆಕಾಶ ನೋಡ್ತಿದ್ದ.

ಗೊಂಬೆ ಅಂದೆ.

ಅವನು ಕೈ ಚಾಚಿದ. ಕೊಟ್ಟೆ. ಫೋಮ್ ಬಿಚ್ಚಿ ನೋಡಿದ, ಕೋಟಿನ ಅಂಚು ಹೆಬ್ಬೆಟ್ಟಲ್ಲಿ ಸರಿ ಮಾಡಿದ, ಮತ್ತೆ ಸುತ್ತಿದ. ಸುತ್ತೋ ರೀತಿ ನೋಡಿದೆ. ಮೇಜಿನ ಮೇಲಿದ್ದ ಟೋಕನ್ ರಾಶಿ ನೋಡಿದೆ, ನೀಲಿ ದಾರ. ಅವನು ಟೋಕನ್ ನನ್ನ ಕೈಗೆ ಕೊಡ್ತಾ, ಹಿಂದಿನೋರಿಗೆ ಕೇಳಿಸದ ಹಾಗೆ ಸ್ವಲ್ಪ ಬಗ್ಗಿದ.

“ಕೆಂಪು ಕೋಟಿನವಳು ಬಂದಿಲ್ವಾ?”

ನಾಳೆ ಇನ್ನೊಂದು ಬಸ್ಸಿನ ಅಳತೆ ತಗೊಳ್ಳೋಕೆ ಹೋಗ್ಬೇಕು. ಒಂಟಿಗೈಯ ಜಡೆ ಸ್ವಲ್ಪ ಸಡಿಲ ಆಗಿದೆ, ನಾನು ಮುಟ್ಟಿಲ್ಲ. ಹಾಗೇ ಚೀಲದಲ್ಲಿ ಇಟ್ಟಿದೀನಿ.